ಅವ್ವೆಯನ್ನು ಬಾಗಿಲಲ್ಲಿ ನಿಲ್ಲಿಸಿದವರು

ನಮ್ಮ ಸಭೆಯ ಹೆಂಗಸರ ಕೂಟದಲ್ಲಿ ತಾಳ್ಮೆಯ ಮಾತು ಬಂದಾಗಲೆಲ್ಲ ನನ್ನ ಅವ್ವೆಯ ಹೆಸರು ಬರುತ್ತದೆ. ಎಷ್ಟು ವರ್ಷ ಕಾದರು, ಒಂದು ಮಾತೂ ಆಡಲಿಲ್ಲ, ಎಂದು ಹೊಗಳುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಮಾತಾಡಲಿಲ್ಲ ಎನ್ನುವುದು ಶುದ್ಧ ಸುಳ್ಳು. ಕಾದದ್ದು ನಿಜ, ಆದರೆ ಕಾಯಿಸಿದವರು ಯಾರು ಎಂಬುದನ್ನು ಯಾರೂ ಎತ್ತುವುದಿಲ್ಲ. 'ತಾಳಿದವನು ಬಾಳಿಯಾನು' ಎಂಬ ಗಾದೆಯನ್ನು ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಹೇಳಿದವರೆಲ್ಲ ಕುರ್ಚಿಯ ಮೇಲೆ ಕೂತವರೇ.

ನಮ್ಮದು ಬೆಟ್ಟದ ಮೇಲಿನ ಕೂಕಲ್ತೊರೈ ಕಡೆಯ ಬಡಗರ ಹಟ್ಟಿ. ಅಪ್ಪ ಕ್ರೈಸ್ತನಾದಾಗ ಚಿಕ್ಕವಳಾದ ನನಗೂ ದೀಕ್ಷಾಸ್ನಾನ ಮಾಡಿಸಿದ. ಅವ್ವೆ ಆಗ ಒಪ್ಪಲಿಲ್ಲ. ಅಪ್ಪ ಜ್ವರದಲ್ಲಿ ಹೋದ ಮೇಲೆ, ಅವನು ಹೇಳಿಕೊಡುತ್ತಿದ್ದ ಪ್ರಾರ್ಥನೆಯನ್ನು ಒಬ್ಬಳೇ ಹೇಳಿಕೊಳ್ಳುತ್ತ ಹೇಳಿಕೊಳ್ಳುತ್ತ, ಒಂದು ದಿನ ತಾನೇ ಚರ್ಚಿಗೆ ಹೋಗಿ ದೀಕ್ಷೆ ಕೇಳಿದಳು. ಅಂದೇ ಹಟ್ಟಿಯವರು ಅವಳನ್ನು ಹೊರಗಿಟ್ಟರು. ಸತ್ತರೆ ಹಟ್ಟಿಯ ಸುಡುಗಾಡಿನಲ್ಲಿ ಜಾಗವಿಲ್ಲ. ದೀಕ್ಷೆಯಾಗದಿದ್ದರೆ ಚರ್ಚಿನ ಸಮಾಧಿಭೂಮಿಯಲ್ಲಿ ಅಪ್ಪನ ಪಕ್ಕಕ್ಕೂ ಜಾಗವಿಲ್ಲ. ಅವಳಿಗೆ ಆಗಲೇ ಎದೆಯಲ್ಲಿ ಕೆಮ್ಮು ಕೂತಿತ್ತು.

ದೀಕ್ಷೆಗೆ ಬೇಕಾದ ಪಾಠವನ್ನೆಲ್ಲ ಕಲಿತು ಒಪ್ಪಿಸಿದಳು. ಅಷ್ಟರಲ್ಲಿ ಒಂದು ಸಂತೆಯ ದಿನ ದಾರಿಯಲ್ಲಿ ಅಜ್ಜ, ಅಂದರೆ ಅವಳ ತಂದೆ, ಎದುರಾದ. ಮಗಳನ್ನು ಮನೆಗೆ ಸೇರಿಸುವ ಹಾಗಿರಲಿಲ್ಲ, ದಾರಿಯಲ್ಲಿ ನಿಲ್ಲುವುದನ್ನು ಯಾರು ತಡೆದಾರು? ನಮ್ಮಲ್ಲಿ ಹಿರಿಯರು ಕಂಡರೆ ಕಿರಿಯರು ತಲೆ ಬಗ್ಗಿಸುತ್ತಾರೆ, ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ನಡೆಯಲು ಕಲಿತ ಮಗುವಿಗೂ ಅದು ಗೊತ್ತು. ಅವ್ವೆ ಬಗ್ಗಿದಳು. ಅಜ್ಜ ಕೈಯಿಟ್ಟು, "ಬದುಕಿ ಬಾ, ಒಂದು ನೂರಾಗಲಿ" ಎಂದ.

ಅವಳಿಗೆ ದೀಕ್ಷೆಯ ಪಾಠ ಹೇಳಿಕೊಟ್ಟ ಚರ್ಚಿನ ಉಪದೇಶಿ ಹಿಂದೆ ಬರುತ್ತಿದ್ದವರು ಅದನ್ನು ಕಂಡರು. ಮಂಗಳೂರು ಕಡೆಯಿಂದ ಬಂದ ಆ ಮಹಾನುಭಾವರಿಗೆ ನಮ್ಮ ಬೆಟ್ಟದಲ್ಲಿ ಕಂಡದ್ದೆಲ್ಲ ವಿಗ್ರಹಾರಾಧನೆಯೇ. ಮನೆಗೆ ಬಂದು, "ಅಡ್ಡಬೀಳುವುದು ದೇವರಿಗೆ ಮಾತ್ರ ಸಲ್ಲುತ್ತದಮ್ಮ. ಪಾದ್ರಿಗಳ ಮುಂದೆ ತಪ್ಪಾಯಿತು ಎಂದುಬಿಡಿ, ಮುಗಿಯಿತು" ಎಂದರು.

ಅವ್ವೆ, "ಅಪ್ಪಗ ತಲೆ ಬಗ್ಗಿಸಿದ್ದು ತಪ್ಪುಂದು ಎನ್ನ ಬಾಯಿಲಿ ಬಾರ. ಬೇಕುಂದಲೆ ಕಾದಿನೆ" ಎಂದಳು. ತಪ್ಪೆನ್ನಲಾರೆ, ಬೇಕಾದರೆ ಕಾಯುತ್ತೇನೆ ಎಂದು.

"ಹಾಗಾದರೆ ತಾಳ್ಮೆ ಕಲಿಯಿರಿ" ಎಂದು ಅವರು ಎದ್ದುಹೋದರು. ತಂದೆತಾಯಿಯನ್ನು ಗೌರವಿಸು ಎಂಬ ಆಜ್ಞೆಯನ್ನು ಅವ್ವೆಗೆ ಬಾಯಿಪಾಠ ಮಾಡಿಸಿದವರೂ ಅವರೇ!

ಅಲ್ಲಿಂದ ಶುರುವಾಯಿತು ಕಾಯುವುದು. ರೊಟ್ಟಿ ಹಂಚುವ ಕರ್ತನ ಭೋಜನದ ಭಾನುವಾರ ದೀಕ್ಷೆಯಾಗದವರು ಎದ್ದು ಹೊರಗೆ ಹೋಗಬೇಕಿತ್ತು. ನಾನು ಒಳಗೆ ರೊಟ್ಟಿ ತೆಗೆದುಕೊಳ್ಳುತ್ತಿದ್ದೆ. ಬಾಗಿಲಾಚೆ ಮಂಜಿನಲ್ಲಿ ಅವಳ ಕೆಮ್ಮು ಕೇಳುತ್ತಿತ್ತು. ಮನೆಗೆ ಬಂದು ನಾನು ಕೂಗಾಡಿದರೆ ಅವಳು ಕೀರೆಸೊಪ್ಪು ಸೋಸುತ್ತಿದ್ದಳು. ಸಂಜೆ ಅದೇ ಪ್ರಾರ್ಥನೆ ಹೇಳುತ್ತಿದ್ದಳು. ಅದರಲ್ಲಿ ಉಪದೇಶಿಯವರ ಹೆಸರೂ ಇರುತ್ತಿತ್ತು. ನಾನಾದರೆ ಬೇರೆ ಥರ ಸೇರಿಸುತ್ತಿದ್ದೆ.

ಕೊನೆಗೆ ಪಾದ್ರಿ ಮೆತ್ತಗಾದರು. ಬರುವ ಪುನರುತ್ಥಾನದ ಹಬ್ಬಕ್ಕೆ ದೀಕ್ಷೆ ಎಂದು ಗೊತ್ತಾಯಿತು. ಅವ್ವೆ ಅಂದು ಉಡಲು ಬಿಳಿಯ ಮುಂಡನ್ನು ಒಗೆದು ಇಟ್ಟಳು. ಹಬ್ಬ ಹತ್ತಿರ ಬಂದಾಗ ಹಟ್ಟಿಯಿಂದ ಸುದ್ದಿ ಬಂತು: ಅಜ್ಜ ಇನ್ನು ಉಳಿಯುವುದಿಲ್ಲ, ಮಗಳನ್ನು ಕೇಳುತ್ತಿದ್ದಾನೆ. ಸುದ್ದಿಯ ಬೆನ್ನಿಗೇ ಉಪದೇಶಿ ಬಂದರು. "ಹೋಗಿ ನೋಡಿ ಬನ್ನಿ, ಬೇಡ ಅನ್ನುವುದಿಲ್ಲ. ತಲೆ ಮಾತ್ರ ಬಗ್ಗಿಸಬೇಡಿ. ಬಗ್ಗಿಸಿದರೆ ಈ ಹಬ್ಬವೂ ಹೋಯಿತೆಂದು ತಿಳಿಯಿರಿ."

ನಾವು ಹೋದೆವು. ಅವ್ವೆ ಒಳಗೆ ಕಾಲಿಡುವ ಹಾಗಿಲ್ಲ ಎಂದು ಅಜ್ಜನನ್ನು ಕಂಬಳಿಯಲ್ಲಿ ಹೊತ್ತು ಹೊರಜಗಲಿಗೆ ತಂದರು. ಹಟ್ಟಿಯ ಶಾಸ್ತ್ರವೂ ಕಮ್ಮಿಯದಲ್ಲ. ಅವ್ವೆ ಕ್ಷಣವೂ ಯೋಚಿಸಲಿಲ್ಲ, ತಲೆ ಬಗ್ಗಿಸಿದಳು. ಅಜ್ಜನಿಗೆ ಕೈ ಏಳಲಿಲ್ಲ. ಅವಳೇ ಆ ಕೈಯನ್ನು ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡಳು. ಹರಕೆಯ ಮಾತು ತುಟಿಯಲ್ಲೇ ನಿಂತಿತು. ಮರುದಿನ ಅಜ್ಜ ತೀರಿಕೊಂಡ.

ತಲೆ ಬಗ್ಗಿಸಿದೆ ಎಂದು ಅವ್ವೆಯೇ ಉಪದೇಶಿಗೆ ಹೇಳಿದಳು. ಹಬ್ಬದ ದಿನ ಬೇರೆ ಮೂವರಿಗೆ ದೀಕ್ಷೆಯಾಯಿತು. ಅವ್ವೆ ಬಾಗಿಲಾಚೆ ನಿಂತಳು. ರೊಟ್ಟಿಯ ಹೊತ್ತಿಗೆ ನಾನು ಎದ್ದು, ಎಲ್ಲರೂ ನೋಡುತ್ತಿದ್ದ ಹಾಗೆಯೇ ಹೊರಗೆ ಬಂದು ಅವಳ ಪಕ್ಕ ನಿಂತೆ. ಮೆಚ್ಚುತ್ತಾಳೆಂದುಕೊಂಡಿದ್ದೆ. ಅವಳು ನನ್ನ ತೋಳು ಹಿಡಿದು ಬಾಗಿಲಿನತ್ತ ನೂಕಿದಳು.

"ಒಳಗ ಹೋಗು, ಹೆಣ್ಣೆ. ನಿನ್ನ ಕೋಪಗ ದೇವರ ಊಟವ ಬಿಡ್ವದಾ? ನಾ ಇವಕಗ ಕಾದು ನಿಂತಿಲ್ಲೆ. ದೇವರಗ ಕಾದಿನೆ."

ಇವರಿಗಾಗಿ ಅಲ್ಲ, ದೇವರಿಗಾಗಿ! ಅಳುತ್ತ ಒಳಗೆ ಹೋದೆ. ತಾಳ್ಮೆ ಎಂದರೆ ಏನೆಂದು ನನಗೆ ಯಾರಾದರೂ ಕಲಿಸಿದ್ದರೆ ಅದು ಅವಳು, ಆ ಬಾಗಿಲಲ್ಲಿ. ಒಂದು ಸುಳ್ಳು ಮಾತಿನಿಂದ ಮುಗಿಯುತ್ತಿದ್ದ ಕಾಯುವಿಕೆಯನ್ನು ಸುಳ್ಳಾಡದೆ ತಾಳಿದಳು. ಕಾಯಿಸಿದವರ ಮೇಲೆ ಮುನಿದು ದೇವರನ್ನೂ ಬಿಡಲಿಲ್ಲ.

ಎರಡು ಚಳಿಗಾಲ ಕಳೆದ ಮೇಲೆ ಹೊಸ ಪಾದ್ರಿ ಬಂದರು. ಅವ್ವೆ ಅಷ್ಟರಲ್ಲಿ ಮಂಚ ಹಿಡಿದಿದ್ದಳು. ಅವರು ಮನೆಗೇ ಬಂದು, ದೇವರನ್ನು ನಂಬುತ್ತೀಯಾ ಎಂದು ಮಾತ್ರ ಕೇಳಿ, ಮಣ್ಣಿನ ಬಟ್ಟಲಿನ ನೀರಿನಲ್ಲಿ ದೀಕ್ಷೆ ಕೊಟ್ಟರು. ಅಜ್ಜನಿಗೆ ತಲೆ ಬಗ್ಗಿಸಿದ ಮಾತನ್ನು ಅವರು ಎತ್ತಲೇ ಇಲ್ಲ. ಕೇಳದೆಯೂ ಆಗುತ್ತಿತ್ತು ಎಂದಾಯಿತು! ಆ ವಾರವೇ ಅವ್ವೆ ಹೋದಳು. ಅಪ್ಪನ ಪಕ್ಕದಲ್ಲೇ ಮಲಗಿದ್ದಾಳೆ.

ಉಪದೇಶಿ ಈಗ ಮುದುಕರು. ಎಲ್ಲ ಮರೆತು ಕ್ಷಮಿಸು ಎಂದು ಹೋದ ವರ್ಷ ಹೇಳಿಕಳಿಸಿದರು. ಕ್ಷಮಿಸುತ್ತೇನೆ. ಅವ್ವೆಯ ಮಗಳು ನಾನು, ಕ್ಷಮಿಸದೆ ಎಲ್ಲಿಗೆ ಹೋಗಲಿ? ಆದರೆ ಇನ್ನೂ ಆಗಿಲ್ಲ. ಅವರೂ ಸ್ವಲ್ಪ ಕಾಯಲಿ.