ಹುಳ ಬಿದ್ದ ಕವಚ

ಹೆಣದ ಮೈಯಿಂದ ಬಿಚ್ಚಿದ ಕವಚವನ್ನು ನನ್ನ ಮೊಮ್ಮಗಳು ನನ್ನ ಕಣ್ಣೆದುರೇ ತೊಟ್ಟುಕೊಂಡಳು. ಟಿವಿಯಲ್ಲಿ ಹೌದು, ಆಟದಲ್ಲಿ ಹೌದು. ಆದರೂ ಹೆಣ ಹೆಣವೇ ಅಲ್ಲವೇ? ಕುತ್ತಿಗೆಯ ಹತ್ತಿರ ಬಿಳಿ ಹುಳಗಳು ಮಿಜಿಮಿಜಿ ಅನ್ನುತ್ತಿದ್ದವು. ನಾನು ಆಗಷ್ಟೇ ಗಂಜಿಗೆ ಕೈ ಹಾಕಿದ್ದೆ. ತಟ್ಟೆಯನ್ನು ದೂರ ಸರಿಸಿದೆ.

"ಥೂ! ಎಂತ ಮಾರಾಯ್ತಿ ಅದು? ಬೇರೆ ಅಂಗಿ ಇಲ್ವಾ ಆ ಟಿವಿಯ ಹೆಣ್ಣಿಗೆ?"

"ಉಂಟಜ್ಜಿ. ಬೆಳ್ಳಿದು ಉಂಟು. ಚಂದ ಮಾತ್ರ, ವಿಷಕ್ಕೆ ತಡೆಯುದಿಲ್ಲ."

"ಚಂದ ಇದ್ರೆ ಸಾಕು. ಅದನ್ನೇ ಹಾಕು."

"ಅವಳು ಹೋಗುದು ಯುದ್ಧಕ್ಕೆ ಅಜ್ಜಿ, ಮದುವೆಗೆ ಅಲ್ಲ."

ನಾನು ಶಾಲೆಗೆ ಹೋದದ್ದು ನಾಲ್ಕನೆಯ ಕ್ಲಾಸಿನವರೆಗೆ. ಬರೆಯಲು ಕೂತರೆ ಅಕ್ಷರಗಳು ಒಂದರ ಮೇಲೊಂದು ಒರಗುತ್ತವೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಸಂತೋಷ ನನ್ನ ಒಳಗೆ ಹಿಡಿಸುತ್ತಿಲ್ಲ. ಆ ಸಂತೋಷದ ಬಳಿಗೆ ಹೋಗಬೇಕಾದರೆ ಈ ಹೊಲಸನ್ನೆಲ್ಲ ದಾಟಿಯೇ ಹೋಗಬೇಕು, ಬೇರೆ ದಾರಿಯಿಲ್ಲ.

ಕಡಬ ಪೇಟೆಯಲ್ಲಿ ಅಳಿಯನದ್ದೊಂದು ಪಂಕ್ಚರ್ ಅಂಗಡಿ. ಅದರ ಮೇಲಿನ ಎರಡು ಕೋಣೆಗಳಲ್ಲಿ ಮಗಳು, ಅಳಿಯ, ಈ ಮೊಮ್ಮಗಳು. ಹುಡುಗಿ ಕಾಲೇಜಿನ ತ್ರೋಬಾಲ್ ತಂಡದವಳು, ಹಾರುವುದರಲ್ಲಿ ಎತ್ತಿದ ಕೈ. ಹಾಗೆ ಹಾರಿ ಇಳಿಯುವಾಗಲೇ ಕಾಲು ಮುರಿಯಿತು. ಪುತ್ತೂರಿನಲ್ಲಿ ಪ್ಲಾಸ್ಟರ್ ಕತ್ತರಿಸಿದ ಡಾಕ್ಟರು, "ಇನ್ನು ದಿನಾ ಕಾಲು ಊರಿ ನಡೆಯಬೇಕು, ಸುಮ್ಮನೆ ಮಲಗಿದರೆ ಗಂಟು ಬಿಗಿದು ಕೂರ್ತದೆ, ಮತ್ತೆ ಆಟ ಎಲ್ಲ ಮರೆತುಬಿಡಿ" ಅಂದಿದ್ದರು. ಇವಳು ಕೇಳಲಿಲ್ಲ. ಮಂಚ ಬಿಡಲಿಲ್ಲ. ಸೆಕೆಯಲ್ಲಿಯೂ ಕಾಲಿನ ಮೇಲೆ ದಪ್ಪ ಹೊದಿಕೆ. ತಾಯಿ ಎಣ್ಣೆ ಹಚ್ಚಲು ಹೋದರೆ ಕಿರಿಚುತ್ತಿದ್ದಳು. ಬಾತ್‌ರೂಮಿಗೆ ಕುಂಟುವಾಗಲೂ ಆ ಕಾಲಿಗೆ ಪಂಚೆ ಸುತ್ತಿಕೊಂಡು, ನೆಲಕ್ಕೆ ತಾಗಿಸದೆ, ಗೋಡೆ ಹಿಡಿದು ಹೋಗುತ್ತಿದ್ದಳು. ಮಗಳು ಅತ್ತುಕೊಂಡು ಫೋನ್ ಮಾಡಿದಳು. ನಾನು ಬೆಟ್ಟಂಪಾಡಿಯಿಂದ ಚೀಲ ಹಿಡಿದು ಬಂದೆ.

ಬಂದರೆ ಇಲ್ಲಿ ಟಿವಿಗೆ ಸಿಕ್ಕಿಸಿದ ಈ ಆಟ. ಸುಳ್ಯದ ಸಂಬಂಧಿಕರ ಮನೆಯಿಂದ ತಂದದ್ದಂತೆ. ಅದರಲ್ಲಿ ಒಬ್ಬಳು ಹೆಣ್ಣು ಕತ್ತಿ ಹಿಡಿದು ಕಾಡು, ಕೊಳಚೆ, ಗುಹೆ ಎಂದು ಅಲೆಯುವುದು, ಸಿಕ್ಕಿದ್ದನ್ನೆಲ್ಲ ಹೊಡೆಯುವುದು, ಹೊಡೆದದ್ದರ ಮೈಯಿಂದ ಬಿಚ್ಚಿ ತಾನು ತೊಡುವುದು. ಅರ್ಧ ದಿನ ಯುದ್ಧವಾದರೆ ಇನ್ನರ್ಧ ದಿನ ಯಾವುದು ತೊಡುವುದೆಂಬ ಲೆಕ್ಕಾಚಾರ. ಮಂಗಳೂರಿನ ಸೀರೆ ಅಂಗಡಿಯಲ್ಲಿ ನಾನು ಕೂಡ ಅಷ್ಟು ಹೊತ್ತು ಕೂತವಳಲ್ಲ. ಅದಾದರೂ ಸೀರೆ. ಇಲ್ಲಿ ಕಪ್ಪೆಯ ಚರ್ಮದ ಬೂಟು, ಯಾರದ್ದೋ ಹಲ್ಲು ಕಿತ್ತು ಮಾಡಿದ ಉಂಗುರ, ಕೀವು ಜಿನುಗುವ ಟೊಪ್ಪಿ. ಪ್ರತಿಯೊಂದರ ಪಕ್ಕದಲ್ಲಿ ಅಂಕೆ: ಪೆಟ್ಟನ್ನು ಇಷ್ಟು ತಡೆಯುತ್ತದೆ, ವಿಷವನ್ನು ಇಷ್ಟು, ತೂಕ ಇಷ್ಟು. ಎಷ್ಟು ಗಲೀಜೋ ಅಷ್ಟು ಒಳ್ಳೆಯ ಅಂಕೆ! ಇದನ್ನು ಮಾಡಿದವನ ತಾಯಿ ಅವನಿಗೆ ಕೈ ತೊಳೆಯಲು ಕಲಿಸಲಿಲ್ಲವೋ ಏನೋ.

ಹೆಣದ ಕವಚ ಹಾಕಿಕೊಂಡ ದಿನ ನಾನು ಹಟ ಹಿಡಿದೆ. ಸಾವಿನ ಮನೆಗೆ ಹೋಗಿ ಬಂದರೆ ನಮ್ಮಲ್ಲಿ ಹೊರಗೇ ಮಿಂದು, ಉಟ್ಟ ಬಟ್ಟೆ ನೆನೆಸಿ, ಆಮೇಲೆ ಒಳಗೆ ಬರುವುದು. ಇವಳು ಹೆಣವನ್ನು ಮುಟ್ಟಿದ್ದು ಮಾತ್ರವಲ್ಲ, ಅದರ ಅಂಗಿಯನ್ನೇ ಹಾಕಿದ್ದಾಳೆ.

"ಅಲ್ಲಿ ಹೊಳೆ ಕಾಣ್ತದಲ್ಲ, ಅವಳನ್ನು ಮೀಯಿಸು. ಇಲ್ಲದಿದ್ರೆ ನಾನು ಈ ಕೋಣೆಯಲ್ಲಿ ಕೂರುದಿಲ್ಲ."

"ಅಜ್ಜೀ! ಇದು ಆಟ."

"ಆಟ ಆದ್ರೆ ಮೀಯಬಾರದಾ?"

ನನ್ನ ಕಾಟ ತಡೆಯಲಾರದೆ ಮೊಮ್ಮಗಳು ಅವಳನ್ನು ಹೊಳೆಗೆ ಇಳಿಸಿದಳು. ಮುಳುಗಿ ಎದ್ದಳು ನೋಡಿ, ಹುಳ ಹೋಯಿತು, ಕೀವು ಹೋಯಿತು, ಕವಚ ಫಳಫಳ ಹೊಳೆಯಿತು. ನನಗೆ ಜೀವ ಬಂದ ಹಾಗಾಯಿತು. ಸೀದಾ ಕೊಳಚೆಯ ರಾಕ್ಷಸನ ಬಳಿಗೆ ಹೋದೆವು. ಅದೊಂದು ಮನೆಯಷ್ಟು ದೊಡ್ಡ ಕಪ್ಪೆ. ನಾಲಗೆ ಚಾಚಿ ಒಂದೇ ಪೆಟ್ಟು. ನಮ್ಮವಳು ಸತ್ತೇಹೋದಳು.

ಮೊಮ್ಮಗಳು ಕವಚದ ವಿವರ ತೆರೆದು ಓದಿದಳು. ಕೊಳಕು ಮೆತ್ತಿದಷ್ಟೂ ಅದು ಗಟ್ಟಿಯಂತೆ. ನೀರಿಗೆ ಇಳಿದರೆ ಶಕ್ತಿಯೆಲ್ಲ ಹೋಯಿತಂತೆ!

"ಮೀಯಿಸಿ ಕೊಂದ್ರಿ ನೀವು ಅವಳನ್ನು!" ಎಂದು ದಿಂಬಿಗೆ ಮುಖ ಒತ್ತಿ ನಕ್ಕಳು. ಅಡುಗೆಕೋಣೆಯಿಂದ ಮಗಳು ಸೌಟು ಹಿಡಿದೇ ಓಡಿಬಂದಳು. ಕಾಲು ಮುರಿದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಆಟದಲ್ಲಿ ಸತ್ತವಳು ಮತ್ತೆ ಎದ್ದು ಬರುತ್ತಾಳಂತೆ, ಆದರೆ ಕವಚದ ಶಕ್ತಿ ವಾಪಸು ಬರಬೇಕಾದರೆ ಕೊಳೆತ ಪ್ರಾಣಿಗಳ ಗುಂಡಿಯಲ್ಲಿ ಹೊರಳಬೇಕು. ನಾನು ಮೂಗಿಗೆ ಸೆರಗು ಒತ್ತಿ ಹಿಡಿದೆ. ಟಿವಿಯಿಂದ ವಾಸನೆ ಬರುವುದಿಲ್ಲವೆಂದು ಗೊತ್ತು, ಆದರೂ ಒತ್ತಿ ಹಿಡಿದೆ. ಹಾಗೆ ಹಿಡಿದುಕೊಂಡೇ, "ಬೆನ್ನಿಗೆ ಸರಿ ಹತ್ತಲಿಲ್ಲ ಮಾರಾಯ್ತಿ, ಇನ್ನೊಮ್ಮೆ ಹೊರಳು" ಅಂದೆ.

ಆಮೇಲೆ ಮೊಮ್ಮಗಳು ಅವಳ ಟೊಪ್ಪಿ ಬಿಚ್ಚಿಸಿದಳು, ಗುರಾಣಿ ಇಳಿಸಿದಳು.

"ತಲೆಗೆ ಎಂತದೂ ಬೇಡ್ವಾ?"

"ಭಾರ ಜಾಸ್ತಿ ಆದ್ರೆ ತಪ್ಪಿಸ್ಲಿಕ್ಕೆ ಆಗುದಿಲ್ಲ ಅಜ್ಜಿ. ಕಾಲು ಹಗುರ ಬೇಕು."

ಕಾಲು ಅಂದವಳೇ ಹೊದಿಕೆಯನ್ನು ಸೊಂಟದವರೆಗೆ ಎಳೆದುಕೊಂಡಳು.

ಕಪ್ಪೆ ಸತ್ತದ್ದು ಮರುದಿನ ಸಂಜೆ. ಅದರ ಹೊಟ್ಟೆ ಒಡೆದು ಹೊರಗೆ ಬಂದದ್ದನ್ನು ನಾನು ಬರೆಯುವುದಿಲ್ಲ. ನೀವು ಊಟ ಮಾಡುವವರು. ಮೊಮ್ಮಗಳು "ಬಿತ್ತೂ!" ಎಂದು ಮಂಚದಲ್ಲಿ ಕೂತಲ್ಲೇ ಕುಪ್ಪಳಿಸಿದ ರಭಸಕ್ಕೆ ಹೊದಿಕೆ ನೆಲಕ್ಕೆ ಜಾರಿತು. ಕಾಲು ಕಂಡಿತು. ಒಣಗಿದ ಕೋಲಿನ ಹಾಗೆ ಸಣ್ಣಗಾಗಿತ್ತು. ಮೇಲೆ ಹಳದಿ ಬಣ್ಣದ ಸತ್ತ ಚರ್ಮ, ಮೀನಿನ ಪೊರೆಯ ಹಾಗೆ ಎದ್ದು ನಿಂತಿತ್ತು.

"ನೋಡ್ಬೇಡಿ! ಛೀ, ಹೊಲಸು." ಹೊದಿಕೆಗೆ ತಡಕಾಡಿದಳು. ಅಷ್ಟರಲ್ಲಿ ನಾನು ಅದರ ಮೇಲೆ ಕಾಲಿಟ್ಟು ನಿಂತಾಗಿತ್ತು.

"ನಿನ್ನ ಹುಳ ನೋಡಿದೆ, ಕೀವು ನೋಡಿದೆ, ಗಂಜಿ ಬಿಟ್ಟು ನೋಡಿದೆ. ಇದೆಂತ ಮಹಾ?"

"ಅದು ಆಟ."

"ಇದು ಕಾಲು. ನನ್ನ ಮೊಮ್ಮಗಳ ಕಾಲು."

"ವಾಸನೆ ಉಂಟಾ?" ಎಂದು ಕೇಳಿದಳು.

"ಉಂಟು. ಆ ಕಪ್ಪೆಯಷ್ಟು ಇರ್ಲಿಕ್ಕಿಲ್ಲ."

ಅಳುವ ಮುಖದಲ್ಲೇ ನಗು ಬಂತು ಅವಳಿಗೆ. ಬಿಸಿನೀರು ತಂದೆ, ತೆಂಗಿನೆಣ್ಣೆ ತಂದೆ. ಸತ್ತ ಚರ್ಮ ಚೂರುಚೂರಾಗಿ ನನ್ನ ಬೆರಳಿಗೆ ಅಂಟಿ ಬಂತು. ಅಸಹ್ಯವಾಗಲಿಲ್ಲ ಎಂದರೆ ಸುಳ್ಳು. ಆಯಿತು. ಕೈ ಮಾತ್ರ ನಿಲ್ಲಲಿಲ್ಲ. ನೀರು ಬೆಳ್ಳಗೆ ಕದಡಿತು, ಅದನ್ನು ಚೆಲ್ಲಿ ಮತ್ತೆ ತಂದೆ. ಅಡಿಯಲ್ಲಿ ಎಳೆಯ ಚರ್ಮ ಕೆಂಪಗೆ ಕಂಡಿತು, ಆಗಷ್ಟೇ ಹುಟ್ಟಿದ ಮಗುವಿನದ್ದರ ಹಾಗೆ.

"ಭಾರ ಹಾಕ್ಲಾ?" ಅಂದಳು.

"ಹಾಕು. ಮೆಲ್ಲ."

ನನ್ನ ಭುಜ ಹಿಡಿದು ಪಾದ ನೆಲಕ್ಕೆ ಊರಿದಳು. ತುಟಿ ಕಚ್ಚಿಕೊಂಡಳು. ಕಿಟಕಿಯವರೆಗೆ ನಡೆದೆವು. ಕೆಳಗೆ ಅಳಿಯ ಟಯರ್ ಹಿಡಿದು ನಿಂತಿದ್ದ. "ಅಪ್ಪಾ!" ಎಂದು ಕೂಗಿದಳು. ಅವನು ತಲೆಯೆತ್ತಿ, ಮಗಳು ನಿಂತದ್ದನ್ನು ಕಂಡು ಕೈ ಬಿಟ್ಟ. ಟಯರ್ ತನ್ನಷ್ಟಕ್ಕೆ ಉರುಳಿಕೊಂಡು ರಸ್ತೆ ದಾಟಿ ಎದುರಿನ ತರಕಾರಿ ಅಂಗಡಿಯ ಒಳಗೆ ಹೋಯಿತು. ಅಂಗಡಿಯವನು ಬೈದ. ನಾನು ಕಿಟಕಿಯ ಸರಳು ಹಿಡಿದು ಗಟ್ಟಿಯಾಗಿ ನಕ್ಕೆ, ಅತ್ತೆ, ಎರಡೂ ಒಟ್ಟಿಗೆ. ಪೇಟೆಯವರೆಲ್ಲ ನೋಡಿದರು. ನೋಡಲಿ!

ತಿರುಗಿದರೆ ಟಿವಿಯಲ್ಲಿ ಆ ಹೆಣ್ಣು ಇನ್ನೂ ಹಾಗೇ ನಿಂತಿದ್ದಾಳೆ. ಮೈತುಂಬ ಗಲೀಜು, ಸುತ್ತ ನೊಣ.

"ಇನ್ನಾದ್ರೂ ಅವಳನ್ನು ಮೀಯಿಸು ಮಾರಾಯ್ತಿ."

"ಬೇಡ ಅಜ್ಜಿ. ಮುಂದಿನ ರಾಕ್ಷಸನಿಗೂ ಇದೇ ಬೇಕು."

ಥೂ.