ಮುತ್ತಜ್ಜಿಯ ಹೆಸರು ಕೇಳಿದ ಮದಿ

ಕಾರಿನ ಬಾಗಿಲು ಮುಚ್ಚುವ ಸದ್ದು ಕೇಳಿದರೆ ಸಾಕು, ಅದು ದುಬಾರಿ ಕಾರೋ ಅಗ್ಗದ್ದೋ ಎಂದು ಮದಿ ಕಾನುತೆ ಕಣ್ಣುಮುಚ್ಚಿ ಹೇಳುತ್ತಿದ್ದ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದವನು. ಅಮೆರಿಕದ ವಾರೆನ್ ಪಟ್ಟಣದ ಪ್ರಯೋಗಾಲಯವೊಂದರಲ್ಲಿ ಹನ್ನೆರಡು ವರ್ಷ ಕಾರುಗಳ ಸದ್ದು ಅಳೆಯುವುದೇ ಅವನ ಕೆಲಸ. ೨೦೦೯ರ ಚಳಿಗಾಲದಲ್ಲಿ ಒಂದೇ ದಿನ ಅವನಿಗೂ ಪಕ್ಕದ ಮೇಜಿನ ಇಂದುಮತಿಗೂ ಕೆಲಸ ಹೋಯಿತು. ಮೈಸೂರಿನ ಇಂದುಮತಿ ಮೂರು ದಿನ ಮುಸುಕೆಳೆದು ಮಲಗಿದಳು. ಮದಿ ಅಟ್ಟದಿಂದ ಕೋರಾ ಇಳಿಸಿದ. ದೊಡ್ಡ ಸೋರೆಬುರುಡೆಗೆ ಚರ್ಮ ಬಿಗಿದ, ಇಪ್ಪತ್ತೊಂದು ತಂತಿಯ ವಾದ್ಯ ಅದು.

ಅವನದು ಊರವರ ವಂಶಾವಳಿ ಹಾಡುವ ಮನೆತನ. ಕಾರ್ಖಾನೆಯ ಸದ್ದು, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಮೂಡುವ ಹಳೆಯ ಫೋಟೋಗಳು, ನಡುವೆ ಕೋರಾ, ಹೀಗೊಂದು ಕಾರ್ಯಕ್ರಮ ಕಟ್ಟಿದ. ಇಂದುಮತಿ ಗ್ಲೆಂಡೇಲ್ ಹೈಟ್ಸ್‌ನ ಕನ್ನಡ ಬಳಗದವರನ್ನು ಕಾಡಿಬೇಡಿ ಒಂದು ಸಂಜೆ ಗಿಟ್ಟಿಸಿದಳು. ಅಲ್ಲೂ ತನ್ನ ಹಾಡು ಯಾರಿಗೂ ಬೇಡವಾದರೆ ಕೋರಾ ಮತ್ತೆ ಅಟ್ಟಕ್ಕೆ, ತಾನು ಟ್ರಕ್ ಓಡಿಸಲು ಎಂದು ಮದಿ ಮೊದಲೇ ಹೇಳಿಬಿಟ್ಟಿದ್ದ.

ಕರೆದವರ ವಂಶ ಹಾಡದೆ ಅವನ ಮನೆತನದವರು ಏನನ್ನೂ ಶುರುಮಾಡುವುದಿಲ್ಲ. ಹಾಗಾಗಿ ಇಂದುಮತಿಯ ಹಿರಿಯರ ಹೆಸರು ಕೇಳಿದ. ಅವಳು ಗೋತ್ರ, ಋಷಿಗಳು, ಮೂರು ತಲೆಮಾರಿನ ಗಂಡಸರು ಎಲ್ಲವನ್ನೂ ಗಡಗಡ ಒಪ್ಪಿಸಿದಳು. ಹೆಂಗಸರು? ಅಜ್ಜಿ ಪದ್ಮ. ಅಜ್ಜಿಯ ತಾಯಿ? ಗೊತ್ತಿರಲಿಲ್ಲ. ನಾಚಿಕೆಯಾಗಿ ಬಾಯಿಗೆ ಬಂದದ್ದನ್ನು ಹೇಳಿದಳು, ಗೌರಮ್ಮ ಅಂತ.

ಪಾಪ, ಮದಿ ಆ ಗೌರಮ್ಮನಿಗೇ ಎಲ್ಲಕ್ಕಿಂತ ಚಂದದ ಧಾಟಿ ಕಟ್ಟಿದ. ಕಾರ್ಯಕ್ರಮದ ದಿನ ದಾರಿಯುದ್ದಕ್ಕೂ ಅದನ್ನೇ ಗುನುಗುತ್ತಿದ್ದ. ಡ್ರೈವ್ ಮಾಡುತ್ತಿದ್ದ ಇಂದುಮತಿಗೆ ತಡೆಯಲಾಗಲಿಲ್ಲ.

"ಆ ಹೆಸ್ರು ಸುಳ್ಳು, ಮದಿ. ಗೊತ್ತಿಲ್ಲ ಅನ್ನೋಕೆ ನಾಚ್ಕೆ ಆಯ್ತು."

ಅವನು ಗುನುಗುವುದನ್ನು ನಿಲ್ಲಿಸಿದ. ಆಮೇಲೆ, ಸುಳ್ಳು ಹಾಡಲಾರೆ, ಆ ಜಾಗ ಖಾಲಿ ಬಿಡುತ್ತೇನೆ ಎಂದ.

ಹಾಗೇ ಬಿಟ್ಟ. ಪದ್ಮಜ್ಜಿಯ ಫೋಟೋ ಆದಮೇಲೆ ಗೋಡೆಯ ಮೇಲೆ ಬರೀ ಬಿಳಿ ಬೆಳಕು. ಇವರ ತಾಯಿಯ ಹೆಸರು ಕಳೆದುಹೋಗಿದೆ ಎಂದಷ್ಟೇ ಹೇಳಿ ಧಾಟಿಯನ್ನು ನುಡಿಸಿದ. ಇಂದುಮತಿ ತಲೆ ತಗ್ಗಿಸಿದಳು. ಸಭೆ ತುಂಬ ಡಾಕ್ಟರು, ಎಂಜಿನಿಯರುಗಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಅಭ್ಯಾಸವಿದ್ದವರು ಈಗ ತಮ್ಮ ತಮ್ಮ ಮುತ್ತಜ್ಜಿಯ ಹೆಸರಿಗೆ ತಡಕಾಡುತ್ತಿದ್ದರು.

ಮುಂದಿನ ಸಾಲಿನಲ್ಲಿದ್ದ ಧಾರವಾಡದ ಛಾಯಾ ಆಂಟಿ ಎದ್ದು ನಿಂತರು.

"ನಮ್ಮ ಮುತ್ತಜ್ಜಿ ನಿಂಗವ್ವ. ಹಾಡು, ತಮ್ಮಾ."

ಹಿಂದಿನಿಂದ ಯಾರೋ ಇನ್ನೊಂದು ಹೆಸರು ಹೇಳಿದರು. ಆಮೇಲೆ ಮತ್ತೊಬ್ಬರು. ಮದಿಯ ಕಣ್ಣು ತುಂಬಿತು. ತಂತಿಯಿಂದ ಬೆರಳು ತೆಗೆಯದೆ ಛಾಯಾ ಆಂಟಿಯ ಕಡೆ ಬಾಗಿ, ಆ ಹೆಸರನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿ ಎಂದು ಕೇಳಿಕೊಂಡ.