ತೂಗುಹಾಕಿದ ಹಳಿಯ ತುಂಡು

ರೈಲು ಕಾಯುವವರೆಲ್ಲ ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗಿ ಕತ್ತು ಚಾಚಿ ನೋಡುತ್ತಾರಲ್ಲ, ಹಾಗೆ ನೋಡಿದ್ದರಿಂದ ರೈಲು ಒಂದು ನಿಮಿಷವಾದರೂ ಬೇಗ ಬಂದ ದಾಖಲೆ ಇದೆಯೇ? ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನ್ನ ನಾಲಿಗೆಗೆ ಇಂಥ ಪ್ರಶ್ನೆಗಳೆಂದರೆ ಪಂಚಪ್ರಾಣ. ಉಪ್ಪಿಟ್ಟಿಗೆ ಉಪ್ಪು ಸರಿಯಾಗಿದೆ ಎಂದು ಅವ್ವ ಹೇಳಿದರೂ ಆಧಾರ ಕೇಳುವವಳು ನಾನು. ಆದ್ದರಿಂದ ಕಾಲೇಜಿನ ವಾರ್ಷಿಕ ಸಂಚಿಕೆಗೆ ಖಾನಾಪುರ ನಿಲ್ದಾಣದ ಇತಿಹಾಸ ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ, ಬೆಳಗಾವಿಯ ಸದಾಶಿವನಗರದ ನಮ್ಮ ಮನೆ ನೆಮ್ಮದಿಯ ನಿಟ್ಟುಸಿರು ಬಿಟ್ಟಿತು.

ಕಾಗದಪತ್ರಗಳಲ್ಲಿದ್ದ ಇತಿಹಾಸ ತೀರ ಬಡಕಲು: ಸಣ್ಣ ಹಳಿ ಹಾಸಿದರು, ಕಿತ್ತರು, ದೊಡ್ಡದನ್ನು ಹಾಸಿದರು. ಉಳಿದದ್ದೆಲ್ಲ ಯಲ್ಲಪ್ಪ ಕಾಕಾರ ಬಾಯಲ್ಲಿತ್ತು. ನಿವೃತ್ತಿಯಾಗುವ ತನಕ, ಮಾಡಿನ ತೊಲೆಗೆ ತೂಗುಹಾಕಿದ ಮೊಳದುದ್ದದ ಹಳಿಯ ತುಂಡನ್ನು ಸರಳಿನಿಂದ ಬಡಿದು ರೈಲಿನ ಆಗಮನವನ್ನು ಊರಿಗೆ ಸಾರಿದವರು ಅವರು. ಆ ಕೆಲಸವನ್ನು ಧ್ವನಿವರ್ಧಕ ಕಿತ್ತುಕೊಂಡ ಮೇಲೂ ದಿನಾ ಮಧ್ಯಾಹ್ನ ಬಂದು ಅದರ ಕೆಳಗಿನ ಬೆಂಚಿನಲ್ಲೇ ಕೂರುತ್ತಿದ್ದರು. ಏಳುವಾಗ ಹಳಿಯ ಮೇಲಿನ, ತಮಗೆ ಓದಲು ಬಾರದ ಉಬ್ಬು ಇಂಗ್ಲಿಷ್ ಅಕ್ಷರಗಳನ್ನು ಹೆಬ್ಬೆರಳಿನಿಂದ ಸವರಿ, ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಇಲ್ಲಿ ಮೊದಲ ಹಳಿಗಳನ್ನು ಹೆಗಲ ಮೇಲೆ ಹೊತ್ತವರಲ್ಲಿ ಅವರ ಅಜ್ಜನೂ ಒಬ್ಬ, ಈ ತುಂಡು ಆಗಿನದೇ ಎಂಬುದು ಅವರ ನಂಬಿಕೆ.

"ಬರ್ರಿ ವಕೀಲಬಾಯಾರ, ಕುಂದರ್ರಿ," ಎಂದು ಛೇಡಿಸುತ್ತಲೇ ಶುರು ಮಾಡುತ್ತಿದ್ದರು. ಲೋಂಡಾ ಜಂಕ್ಷನ್ ಕಡೆಯಿಂದ ಬರುವ ಇಂಜಿನ್ನಿನ ಕೂಗಿನಿಂದಲೇ ಡ್ರೈವರ್ ಯಾರೆಂದು ಗುರುತಿಸುತ್ತಿದ್ದುದು, ಕುಂಬಾರ ಮುದುಕಿಯ ಮಡಕೆಬುಟ್ಟಿ ಹತ್ತುವ ತನಕ ಹಸಿರು ಬಾವುಟ ಎತ್ತದ ಗಾರ್ಡು... ಎಲ್ಲವನ್ನೂ ಆಮೇಲೆ ನಿಧಾನಕ್ಕೆ ಬರೆದುಕೊಂಡರಾಯಿತೆಂದು ನಾನು ಮೊದಲು ಸಾಕ್ಷ್ಯ ಪರಿಶೀಲನೆಗಿಳಿದೆ. ಒಂದು ದಿನ ಬೆಂಚು ಹತ್ತಿ ಆ ಅಕ್ಷರಗಳನ್ನು ಓದಿದೆ.

"ಕಾಕಾ, ಈ ಹಳಿ ತಯಾರಾದ ವರ್ಷ ಇಲ್ಲೇ ಅಚ್ಚಾಗೇತಿ. ಲೈನ್ ಹಾಕಿ ಎಷ್ಟೋ ವರ್ಷ ಆದ ಮ್ಯಾಲಿಂದು ಇದು. ನಿಮ್ಮಜ್ಜ ಹೊತ್ತಿದ್ದು ಇದಲ್ಲ."

ಅವರು ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು. "ಹಂಗಾದ್ರ ಇಷ್ಟ ದಿನಾ ನಾ ಕಣ್ಣಿಗೆ ಒತ್ತಿಕೊಂಡಿದ್ದು ಯಾರದು, ತಂಗೀ?"

ಸಭಾಂಗಣದಲ್ಲಿ ಎದುರಾಳಿಯ ವಾದ ಹೀಗೆ ಕುಸಿದರೆ ಬಹುಮಾನ ಖಚಿತ. ರೂಢಿಬಲದಿಂದ, ನಾಚಿಕೆಯಿಲ್ಲದೆ, ನಾನು ಚಪ್ಪಾಳೆಗೂ ಒಂದು ಕ್ಷಣ ಕಾದೆ.

ಮರುದಿನ ಬೆಂಚು ಖಾಲಿ. ಆ ವಾರವೆಲ್ಲ ಖಾಲಿ. ಪರ, ವಿರೋಧ ಎರಡನ್ನೂ ವಾದಿಸಲು ಕಲಿತವಳಲ್ಲವೇ, ನನ್ನ ವಿರುದ್ಧವೇ ಒಂದು ವಾದ ಹೊಸೆದುಕೊಂಡು ಅವರ ಮನೆಗೆ ಹೋದೆ. "ಟೇಸನ್ ಅಂದ್ರ ಮಾರಿ ತಿರುವತಾರವ್ವಾ," ಎಂದರು ಅವರ ಹೆಂಡತಿ ಗಂಗವ್ವ. ಸವೆದ ಹಳಿಗಳನ್ನು ಬದಲಿಸುತ್ತಲೇ ಇರುತ್ತಾರೆ, ಬದಲಿಗೆ ಬಂದ ಈ ಹಳಿಯನ್ನೂ ಅಜ್ಜ ಹೊತ್ತಿರಬಾರದೇಕೆ ಎಂದು ನಾನು ಗಂಟೆಗಟ್ಟಲೆ ವಾದಿಸಿದೆ. ಜೀವಮಾನದಲ್ಲೇ ಅಷ್ಟು ಚೆನ್ನಾಗಿ ವಾದಿಸಿದವಳಲ್ಲ.

ಕಾಕಾ ಪೂರ್ತಿ ಕೇಳಿಸಿಕೊಂಡರು. "ಬಿಡು ತಂಗೀ. ಅವತ್ತ ನೀ ಓದಿದ್ದು ಖರೇ ಐತಿ. ಇವತ್ತ ಹೇಳೂದು ನನ್ನ ಸಮಾಧಾನಕ್ಕ."

"ಮತ್ತ ಆ ಗಾರ್ಡಂದು, ಮಡಕಿ ಮುದುಕಿದು?"

"ಅವೂ ಹಿಂಗ ಸುಳ್ಳ ಇರಬೇಕು."

ಸಂಚಿಕೆ ಪ್ರಕಟವಾಯಿತು. ನನ್ನ ಎರಡು ಪುಟಗಳಲ್ಲಿ ಪ್ರತಿ ವಾಕ್ಯಕ್ಕೂ ಆಧಾರವಿದೆ. ಮನುಷ್ಯರು ಮಾತ್ರ ಒಬ್ಬರೂ ಇಲ್ಲ.

ಈಗಲೂ ಒಮ್ಮೊಮ್ಮೆ ಖಾನಾಪುರಕ್ಕೆ ಹೋಗುತ್ತೇನೆ. ಬೆಳಗಾವಿಯ ರೈಲು ಕಾಯುತ್ತ ಎಲ್ಲರೂ ಹಳಿಯತ್ತ ಕತ್ತು ಚಾಚಿ ನಿಂತಿರುವಾಗ, ನಾನು ಬೆನ್ನು ತಿರುಗಿಸಿ, ಊರಿನ ಕಡೆಯ ಗೇಟಿನತ್ತ ಕತ್ತು ಚಾಚುತ್ತೇನೆ. ಹಾಗೆ ನೋಡಿದ್ದರಿಂದ ಯಾರಾದರೂ ಬಂದ ದಾಖಲೆ ಇಲ್ಲ.